ಮೀಸಲಾತಿ ಯಾರ ಸೀಟು ಕಿತ್ತುಕೊಳ್ಳುತ್ತದೆ? ಕರಾವಳಿಯ ಲೆಕ್ಕದಲ್ಲಿ ಒಂದು ವಿವರಣೆ

ಸಿಇಟಿ ಸೀಟು ಹಂಚಿಕೆಯ ಪಟ್ಟಿ ಹೊರಬಿದ್ದ ವಾರ ಮಂಗಳೂರು, ಉಡುಪಿಯ ಮನೆಗಳಲ್ಲಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ನಮ್ಮ ಮಗಳಿಗೆ ಇಷ್ಟು ಒಳ್ಳೆಯ ರ‍್ಯಾಂಕ್ ಬಂದೂ ಸೀಟಿಲ್ಲ, ಅವಳಿಗಿಂತ ಎಷ್ಟೋ ಹಿಂದಿದ್ದವನಿಗೆ ಸಿಕ್ಕಿತು." ಪಿಯು ಫಲಿತಾಂಶದಲ್ಲಿ ಈ ಎರಡು ಜಿಲ್ಲೆಗಳು ವರ್ಷಾನುಗಟ್ಟಲೆ ರಾಜ್ಯದ ಮುಂಚೂಣಿಯಲ್ಲಿವೆ. ಶೇ. 95 ಅಂಕ ತೆಗೆದವರೂ ಇಲ್ಲಿ ಗುಂಪಿನಲ್ಲಿ ಒಬ್ಬರಾಗಿಬಿಡುತ್ತಾರೆ, ಹಾಗಾಗಿ ಆ ನೋವು ಇಲ್ಲಿ ಇನ್ನಷ್ಟು ಚುರುಕು. ಎರಡು ವರ್ಷ ಹಗಲುರಾತ್ರಿ ಓದಿದ ಮಗುವಿನ ನೋವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ "ಇದು ಅನ್ಯಾಯ" ಎನ್ನುವ ಮೊದಲು ಸೀಟುಗಳನ್ನು ಒಂದೊಂದಾಗಿ ಎಣಿಸಿ ನೋಡಬೇಕು. ಎಣಿಸಿದಾಗ ಸಿಟ್ಟು ಹೋಗಬೇಕಾದ ದಿಕ್ಕೇ ಬೇರೆ ಎಂದು ಗೊತ್ತಾಗುತ್ತದೆ. ಮೀಸಲಾತಿಯಲ್ಲಿ ಅನ್ಯಾಯವೂ ಇದೆ. ಆದರೆ ನಾವು ಬೆರಳು ತೋರಿಸುತ್ತಿರುವ ಜಾಗದಲ್ಲಿ ಅದು ಇಲ್ಲ.

ನೂರಿಪ್ಪತ್ತು ಸೀಟನ್ನು ಬಿಡಿಸಿ ನೋಡೋಣ

ಅಲ್ಪಸಂಖ್ಯಾತ ಸಂಸ್ಥೆಯಲ್ಲದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜನ್ನು ತೆಗೆದುಕೊಳ್ಳಿ. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ 120 ಸೀಟು. ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ನಡುವಿನ ಒಪ್ಪಂದದಂತೆ ಇದರಲ್ಲಿ ಶೇ. 45 ಸಿಇಟಿ ಮೂಲಕ, ಶೇ. 30 ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ, ಶೇ. 25 ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ತುಂಬುತ್ತದೆ. ಅಂದರೆ 54, 36, 30. ಜಾತಿ ಆಧಾರಿತ ಮೀಸಲಾತಿ ಇರುವುದು ಮೊದಲಿನ 54 ಸೀಟುಗಳಲ್ಲಿ ಮಾತ್ರ.

ಆ 54 ಹೇಗೆ ಹಂಚಿಹೋಗುತ್ತದೆ? 2022ರ ಏರಿಕೆಯ ನಂತರದ ರಾಜ್ಯದ ಪ್ರಮಾಣ ಹೀಗಿದೆ: ಪರಿಶಿಷ್ಟ ಜಾತಿ ಶೇ. 17, ಪರಿಶಿಷ್ಟ ಪಂಗಡ ಶೇ. 7, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ಶೇ. 4, 2ಎಗೆ ಶೇ. 15, 2ಬಿಗೆ ಶೇ. 4, 3ಎಗೆ ಶೇ. 4, 3ಬಿಗೆ ಶೇ. 5. ಒಟ್ಟು ಶೇ. 56. ನಮ್ಮ 54ಕ್ಕೆ ಅನ್ವಯಿಸಿದರೆ ಪರಿಶಿಷ್ಟ ಜಾತಿಗೆ 9, ಪಂಗಡಕ್ಕೆ 4, ಪ್ರವರ್ಗ 1ಕ್ಕೆ 2, 2ಎಗೆ 8, 2ಬಿಗೆ 2, 3ಎಗೆ 2, 3ಬಿಗೆ 3. ಭಿನ್ನಾಂಕ ಸರಿಹೊಂದಿಸುವಾಗ ಒಂದು ಸೀಟು ಆಚೀಚೆ ಆಗಬಹುದು. ಒಟ್ಟು 30 ಮೀಸಲು, ಉಳಿದ 24 ಸಾಮಾನ್ಯ ಅರ್ಹತೆ, ಅಂದರೆ ಎಲ್ಲರ ಬಾಯಲ್ಲಿರುವ ಜಿಎಂ.

ಈಗ ಆ ಎರಡು ಮೂವತ್ತುಗಳನ್ನು ಪಕ್ಕಪಕ್ಕ ಇಡಿ. 120 ಸೀಟಿನ ತರಗತಿಯಲ್ಲಿ ಜಾತಿ ಮೀಸಲಾತಿಗೆ ಹೋದದ್ದು 30. ದುಡ್ಡು ಕೊಟ್ಟು ಪಡೆಯುವ ಮ್ಯಾನೇಜ್‌ಮೆಂಟ್ ಸೀಟೂ 30. ಮೊದಲಿನ ಮೂವತ್ತರ ಬಗ್ಗೆ ಮದುವೆ ಮನೆಯ ಪಂಕ್ತಿಯಲ್ಲೂ ಚರ್ಚೆ ನಡೆಯುತ್ತದೆ. ಎರಡನೆಯ ಮೂವತ್ತರಲ್ಲಿ ಕುಳಿತವರ ರ‍್ಯಾಂಕ್ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಪ್ರತಿಭೆಯೇ ನಮ್ಮ ಕಾಳಜಿಯಾಗಿದ್ದರೆ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಬೇಕಿತ್ತು.

ವೈದ್ಯಕೀಯದಲ್ಲಿ ಇದು ಇನ್ನೂ ಸ್ಪಷ್ಟ. ಮಣಿಪಾಲದಿಂದ ದೇರಳಕಟ್ಟೆಯವರೆಗೆ ಖಾಸಗಿ ಮೆಡಿಕಲ್ ಕಾಲೇಜುಗಳೇ ಸಾಲುಗಟ್ಟಿರುವ ನಾಡು ಇದು. ಅವುಗಳಲ್ಲಿ ಹಲವು ಡೀಮ್ಡ್ ವಿಶ್ವವಿದ್ಯಾಲಯಗಳ ಅಡಿ ಬರುತ್ತವೆ, ಮತ್ತು ಡೀಮ್ಡ್ ಸೀಟುಗಳಿಗೆ ಜಾತಿ ಮೀಸಲಾತಿ ಇಲ್ಲ. ಅಲ್ಲಿ ನೀಟ್ ಅರ್ಹತೆ ಬೇಕು, ಅದರ ಮೇಲೆ ಶುಲ್ಕ ಕಟ್ಟುವ ತಾಕತ್ತು ಬೇಕು. ಶುಲ್ಕ ಕಟ್ಟಲಾಗದವರು ಮುಂದಿನ ರ‍್ಯಾಂಕಿನಲ್ಲಿದ್ದರೂ ಬಿಟ್ಟುಹೋಗುತ್ತಾರೆ, ಸೀಟು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತದೆ. 2023ರಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳು ಖಾಲಿ ಉಳಿದವೆಂದು ನೀಟ್ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಲಾಯಿತು. "ಕಡಿಮೆ ಅಂಕದ ಡಾಕ್ಟರ್" ಎಂಬ ಭಯ ಮೀಸಲಾತಿಯ ಸುತ್ತ ಮಾತ್ರ ಸುಳಿಯುವುದಕ್ಕೆ ಇಲ್ಲಿ ಕಾರಣ ಕಾಣುವುದಿಲ್ಲ. ಮೀಸಲು ಸೀಟಿನಲ್ಲಿ ಸೇರಿದವರೂ ಎಂಬಿಬಿಎಸ್ ಪದವಿಗೆ ಅದೇ ಪ್ರಶ್ನೆಪತ್ರಿಕೆ ಬರೆದು ಅದೇ ಅಂಕಕ್ಕೆ ಪಾಸಾಗಬೇಕು. ರಿಯಾಯಿತಿ ಇರುವುದು ಬಾಗಿಲಲ್ಲಿ, ಪದವಿಯಲ್ಲಿ ಅಲ್ಲ.

ಜಿಎಂ ಯಾರದು?

ದೊಡ್ಡ ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಜಿಎಂ ಎಂಬುದು ಮೀಸಲಾತಿ ಪಟ್ಟಿಯಲ್ಲಿಲ್ಲದವರ ಕೋಟಾ ಅಲ್ಲ. ಅದು ಎಲ್ಲರಿಗೂ ತೆರೆದ ಸೀಟು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಂತ್ರಾಂಶ ರ‍್ಯಾಂಕ್ ಪಟ್ಟಿಯ ಮೇಲಿನಿಂದ ಒಬ್ಬೊಬ್ಬರನ್ನೇ ಎತ್ತಿಕೊಳ್ಳುತ್ತದೆ. ಅವರು ಆಪ್ಷನ್ ಎಂಟ್ರಿಯಲ್ಲಿ ಕೊಟ್ಟ ಕಾಲೇಜಿನಲ್ಲಿ ಜಿಎಂ ಸೀಟು ಇದೆಯೇ ಎಂದು ಮೊದಲು ನೋಡುತ್ತದೆ. ಇದ್ದರೆ ಆ ವಿದ್ಯಾರ್ಥಿ ಯಾವ ಜಾತಿಯವರಾದರೂ ಅದೇ ಸಿಗುತ್ತದೆ. ಜಿಎಂ ಮುಗಿದಿದ್ದರೆ ಮಾತ್ರ ಅವರ ಸ್ವಂತ ವರ್ಗದ ಸೀಟನ್ನು ನೋಡುತ್ತದೆ. ಒಳ್ಳೆಯ ರ‍್ಯಾಂಕಿನ ಬಿಲ್ಲವ ಹುಡುಗಿ, ಬಂಟರ ಹುಡುಗ, ಬ್ಯಾರಿ ಸಮುದಾಯದ ಹುಡುಗಿ ಆ 24 ಸೀಟುಗಳಲ್ಲೇ ಕೂರುತ್ತಾರೆ, ತಮ್ಮ ವರ್ಗದ ಲೆಕ್ಕಕ್ಕೆ ಬರುವುದಿಲ್ಲ. ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1992ರಲ್ಲೇ ಇದನ್ನು ಹೇಳಿತು. 2020ರಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಮಹಿಳಾ ಮೀಸಲಾತಿಯಂಥ, ಎಲ್ಲ ವರ್ಗಗಳ ಒಳಗೂ ಅಡ್ಡಲಾಗಿ ಹಾಯುವ ಸಮತಳ ಮೀಸಲಾತಿಗೂ ಇದೇ ನಿಯಮ ಎಂದು ಸುಪ್ರೀಂ ಕೋರ್ಟ್ ಖಚಿತಪಡಿಸಿತು.

ಈಗ ಆ ಮೂವತ್ತು ಮೀಸಲು ಸೀಟುಗಳನ್ನು ಪೂರ್ತಿ ತೆಗೆದುಹಾಕಿದೆವು ಎಂದುಕೊಳ್ಳಿ. ಏನಾಗುತ್ತದೆ? ಜಿಎಂ ಗೆರೆಯ ಕೆಳಗಿರುವ ಮುಂದಿನ ಮೂವತ್ತು ಜನ ಒಳಬರುತ್ತಾರೆ. ಅವರಲ್ಲೂ 2ಎ, 3ಎ, 3ಬಿಯವರು ಇದ್ದೇ ಇರುತ್ತಾರೆ, ಏಕೆಂದರೆ ಕರಾವಳಿಯ ಹೆಚ್ಚಿನ ಸಮುದಾಯಗಳು ಒಂದಲ್ಲ ಒಂದು ಪಟ್ಟಿಯಲ್ಲಿವೆ. ಬಿಲ್ಲವ, ದೇವಾಡಿಗ, ಕುಲಾಲ, ವಿಶ್ವಕರ್ಮ 2ಎ. ಮೊಗವೀರರು ಪ್ರವರ್ಗ 1. ಮುಸ್ಲಿಮರು 2ಬಿ. ಸುಳ್ಯದ ಗೌಡರು 3ಎ. ಬಂಟರು, ಕ್ರೈಸ್ತರು 3ಬಿ. ಯಾವ ಪಟ್ಟಿಯಲ್ಲೂ ಇಲ್ಲದವರೆಂದರೆ ಮುಖ್ಯವಾಗಿ ಬ್ರಾಹ್ಮಣರು, ಗೌಡ ಸಾರಸ್ವತರೂ ಸೇರಿ. ಅವರಿಗೆ ಹೊಸದಾಗಿ ಸಿಗುವುದು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಗೆರೆಯಿಂದ ಮುನ್ನೂರು ಸ್ಥಾನ ಕೆಳಗಿದ್ದವರಿಗೆ ಮೀಸಲಾತಿ ಇದ್ದರೂ ಇಲ್ಲದಿದ್ದರೂ ಆ ಸೀಟು ಸಿಗುತ್ತಿರಲಿಲ್ಲ. ಆದರೆ ಆ ಮುನ್ನೂರು ಮನೆಗಳಲ್ಲೂ "ಮೀಸಲಾತಿಯಿಂದ ನಮಗೆ ಸೀಟು ತಪ್ಪಿತು" ಎಂಬ ನಂಬಿಕೆ ಉಳಿಯುತ್ತದೆ. ಗೆರೆಗೆ ತೀರಾ ಹತ್ತಿರವಿದ್ದ ಕೆಲವರಿಗೆ ನಿಜವಾಗಿಯೂ ತಪ್ಪಿರುತ್ತದೆ. ಸಮಾಜದ ಹಳೆಯ ಸಾಲವನ್ನು ತೀರಿಸುವ ಭಾರ ಹದಿನೆಂಟು ವರ್ಷದ ಆ ಕೆಲವರ ತಲೆಯ ಮೇಲೆಯೇ ಏಕೆ ಬೀಳಬೇಕು ಎಂಬುದು ಮೀಸಲಾತಿ ವಿರೋಧಿಗಳ ವಾದಗಳಲ್ಲಿ ನನ್ನ ಮಟ್ಟಿಗೆ ಅತ್ಯಂತ ಗಟ್ಟಿಯಾದದ್ದು. ಅದಕ್ಕೆ ಪೂರ್ತಿ ಉತ್ತರವಿಲ್ಲ. ಇರುವುದು ಸೀಟು ಹೆಚ್ಚಿಸುವ, ಸರ್ಕಾರಿ ಕಾಲೇಜು ಕಟ್ಟುವ ದಾರಿ. ಭಾರ ಹಂಚಿಹೋಗುವುದು ಹಾಗೆ.

ಜಿಎಂನಲ್ಲಿರುವ ಬಡವರಿಗೆ ಏನೂ ಇಲ್ಲ ಎಂಬ ಮಾತೂ ಅರ್ಧ ಸತ್ಯ. ಸಿಇಟಿಯಲ್ಲಿ ಪ್ರತಿ ವರ್ಗದ ಒಳಗೂ, ಜಿಎಂ ಒಳಗೂ, ಗ್ರಾಮೀಣರಿಗೆ ಶೇ. 15 ಮತ್ತು ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಸೀಟು ಪಟ್ಟಿಯಲ್ಲಿ ಜಿಎಂಆರ್, ಜಿಎಂಕೆ ಎಂದು ಕಾಣುವುದು ಇದೇ. ಹೆಬ್ರಿಯ ಒಳಗಿನ ಹಳ್ಳಿಯಲ್ಲಿ ಅಡುಗೆ ಕೆಲಸ ಮಾಡುವ ಭಟ್ಟರ ಮಗ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಊರಿನ ಕನ್ನಡ ಶಾಲೆಯಲ್ಲಿ ಓದಿದ್ದರೆ ಎರಡಕ್ಕೂ ಅರ್ಜಿ ಹಾಕಬಹುದು. ಒಂದು ವರ್ಷ ಪೇಟೆಯ ಶಾಲೆಗೆ ಹೋಗಿದ್ದರೂ ಗ್ರಾಮೀಣ ಕೋಟಾ ಕೈತಪ್ಪುತ್ತದೆ. ವ್ಯಾಸಂಗ ಪ್ರಮಾಣಪತ್ರದಲ್ಲಿ ಹತ್ತೂ ವರ್ಷ ನಮೂದಾಗಿರದೆ ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಬೇರೆ ಪತ್ರ ತರಬೇಕು.

ಒಬ್ಬಳೇ ಹುಡುಗಿ, ಎರಡು ಪಟ್ಟಿ

ಸಿಇಟಿ ಬರೆದ ವಿದ್ಯಾರ್ಥಿನಿಯೇ ಸುರತ್ಕಲ್‌ನ ಎನ್‌ಐಟಿಕೆಗೆ ಹೊರಟರೆ ಲೆಕ್ಕವೇ ಬದಲಾಗುತ್ತದೆ. ಅದು ಕೇಂದ್ರದ ಸಂಸ್ಥೆ. ಅಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5, ಇತರೆ ಹಿಂದುಳಿದ ವರ್ಗಕ್ಕೆ ಶೇ. 27, ಆರ್ಥಿಕವಾಗಿ ದುರ್ಬಲರಿಗೆ ಶೇ. 10. ಒಟ್ಟು ಶೇ. 59.5. 2ಎ, 3ಬಿ ಎಂಬ ವಿಂಗಡಣೆ ಅಲ್ಲಿಲ್ಲ. ಎಲ್ಲರೂ ಒಂದೇ ಒಬಿಸಿ ಬುಟ್ಟಿಗೆ. ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲೂ ಇದೆ ಎಂದೇನಿಲ್ಲ. ಹಾಗಾಗಿ ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಪಟ್ಟಿಯಲ್ಲಿ ಕರ್ನಾಟಕದ ಪುಟ ತೆರೆದು ಜಾತಿಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು.

ಪ್ರಮಾಣಪತ್ರದ ವಿಷಯದಲ್ಲಿ ಎಡವುವವರೇ ಹೆಚ್ಚು. ಸಿಇಟಿಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ನಾಡಕಚೇರಿಯಲ್ಲಿ ಅರ್ಜಿ ಹಾಕಿ ತಹಶೀಲ್ದಾರರಿಂದ ಪಡೆದ ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಪತ್ರದ ಹೆಸರು ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಹೊಂದದಿದ್ದರೆ, ಇನಿಶಿಯಲ್ ಒಂದೇ ವ್ಯತ್ಯಾಸವಾದರೂ, ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಂಡು ಅಭ್ಯರ್ಥಿ ಜಿಎಂಗೆ ಜಾರುವ ಅಪಾಯವಿದೆ. 2ಎಯಿಂದ 3ಬಿವರೆಗಿನವರಿಗೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು. ಪ್ರವರ್ಗ 1ಕ್ಕೆ ಮತ್ತು ಪರಿಶಿಷ್ಟರಿಗೆ ಕೆನೆಪದರದ, ಅಂದರೆ ಅನುಕೂಲಸ್ಥರನ್ನು ಹೊರಗಿಡುವ, ಮಿತಿ ಇಲ್ಲ. ಇದೇ 2ಎ ಪತ್ರ ಹಿಡಿದು ಎನ್‌ಐಟಿಕೆಗೆ ಹೋದರೆ ಪ್ರಯೋಜನವಿಲ್ಲ. ಅಲ್ಲಿ ಕೇಂದ್ರದ ನಮೂನೆಯ ಒಬಿಸಿ ಪತ್ರ, ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದು ಬೇಕು. ಆರ್ಥಿಕ ದುರ್ಬಲರ ಪತ್ರಕ್ಕೂ ಅದೇ ನಿಯಮ. ಜೂನ್‌ನಲ್ಲಿ ಕೌನ್ಸೆಲಿಂಗ್ ಶುರುವಾದ ಮೇಲೆ ನಾಡಕಚೇರಿಯ ಮುಂದೆ ನಿಲ್ಲುವ ಬದಲು ಏಪ್ರಿಲ್‌ನಲ್ಲೇ ಅರ್ಜಿ ಹಾಕಿ.

ಕೇಂದ್ರದ ಕೆನೆಪದರದ ಲೆಕ್ಕದಲ್ಲೇ ಒಂದು ಅಸಮತೆ ಅಡಗಿದೆ. ಒಬಿಸಿ ಆದಾಯ ಮಿತಿಗೆ ತಂದೆತಾಯಿಯ ಸಂಬಳ ಮತ್ತು ಕೃಷಿ ಆದಾಯ ಸೇರಿಸುವುದಿಲ್ಲ. ಸರ್ಕಾರಿ ನೌಕರರಾದರೆ ಹುದ್ದೆಯ ದರ್ಜೆಯನ್ನು ನೋಡುತ್ತಾರೆ. ಆರ್ಥಿಕ ದುರ್ಬಲರ ಕೋಟಾಕ್ಕಾದರೆ ಸಂಬಳ, ಕೃಷಿ, ವ್ಯಾಪಾರ ಎಲ್ಲ ಸೇರಿಸಿ 8 ಲಕ್ಷ. ಜೊತೆಗೆ 5 ಎಕರೆ ಕೃಷಿ ಭೂಮಿ ಅಥವಾ 1,000 ಚದರ ಅಡಿಯ ಫ್ಲ್ಯಾಟ್ ಇದ್ದರೆ ಅನರ್ಹತೆ. ಕೊಟ್ಟಾರದಲ್ಲಿ ಬ್ಯಾಂಕ್ ಸಾಲದ ಮೇಲೆ ಸಾವಿರ ಅಡಿಯ ಫ್ಲ್ಯಾಟ್ ಕೊಂಡ ಗುಮಾಸ್ತರ ಮಗಳು ಹೊರಗುಳಿಯುತ್ತಾಳೆ. ತಿಂಗಳಿಗೆ 65 ಸಾವಿರ ಗಳಿಸುವ, ಬಾಡಿಗೆ ಮನೆಯ ಕುಟುಂಬ "ದುರ್ಬಲ" ಎನಿಸುತ್ತದೆ. ಕರ್ನಾಟಕ ತನ್ನ ಕಾಲೇಜು, ಹುದ್ದೆಗಳಲ್ಲಿ ಈ ಶೇ. 10ನ್ನು ಜಾರಿಗೆ ತಂದಿಲ್ಲ.

ಕರಾವಳಿಗೆ ಇದು ಮದ್ರಾಸಿನಿಂದ ಬಂತು

ಮೀಸಲಾತಿಯ ಇತಿಹಾಸ ಹೇಳುವಾಗ ಮೈಸೂರಿನ ಮಿಲ್ಲರ್ ಸಮಿತಿಯಿಂದ ಆರಂಭಿಸುವುದು ವಾಡಿಕೆ. ಆದರೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಇಲ್ಲಿ ನಡೆಯುತ್ತಿದ್ದದ್ದು ಮದ್ರಾಸಿನ ಕಮ್ಯುನಲ್ ಜಿ.ಒ., ಅಂದರೆ ಸಮುದಾಯವಾರು ಪಾಲು ಹಂಚುವ ಸರ್ಕಾರಿ ಆದೇಶ. ವೃತ್ತಿಪರ ಕಾಲೇಜಿನ ಪ್ರತಿ 14 ಸೀಟಿನಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ 1, ಮುಸ್ಲಿಮರಿಗೆ 1. ತೆರೆದ ಸೀಟು ಒಂದೂ ಇರಲಿಲ್ಲ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ರದ್ದುಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು 15(4)ನೇ ವಿಧಿ ಸೇರಿತು. ಅದರಲ್ಲಿರುವ ಅಳತೆ ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆ. ಬಡತನ ಎಂಬ ಪದ ಅಲ್ಲಿಲ್ಲ.

ಮೈಸೂರು ಸರ್ಕಾರ 1962ರಲ್ಲಿ ಶೇ. 68 ಮೀಸಲಾತಿ ತಂದಾಗ ಬಾಲಾಜಿ ಪ್ರಕರಣದಲ್ಲಿ ಕೋರ್ಟ್ ಅದನ್ನು ತಳ್ಳಿಹಾಕಿ ಮಿತಿ ಶೇ. 50ರ ಆಸುಪಾಸಿನಲ್ಲಿರಬೇಕು ಎಂದಿತು. ದೇವರಾಜ ಅರಸು ನೇಮಿಸಿದ ಹಿಂದುಳಿದ ವರ್ಗಗಳ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಈಗಿನ 2ಎ, 2ಬಿ, 3ಎ, 3ಬಿ ವಿಂಗಡಣೆ ಕಾರ್ಕಳ ಕ್ಷೇತ್ರದಿಂದ ಬಂದ ವೀರಪ್ಪ ಮೊಯ್ಲಿ ಮುಖ್ಯಮಂತ್ರಿಯಾಗಿದ್ದ 1994ರಲ್ಲಿ ರೂಪುಗೊಂಡು ಮರುವರ್ಷ ದೇವೇಗೌಡರ ಸರ್ಕಾರದಲ್ಲಿ ನೆಲೆಗೊಂಡಿತು. 2022ರಲ್ಲಿ ಪರಿಶಿಷ್ಟ ಜಾತಿಯ ಪಾಲನ್ನು 15ರಿಂದ 17ಕ್ಕೆ, ಪಂಗಡದ ಪಾಲನ್ನು 3ರಿಂದ 7ಕ್ಕೆ ಏರಿಸಿದ್ದರಿಂದ ಒಟ್ಟು ಪ್ರಮಾಣ 56 ಮುಟ್ಟಿ ಶೇ. 50ರ ಗೆರೆ ದಾಟಿತು. ಅದು ಕೋರ್ಟಿನ ಮೆಟ್ಟಿಲೇರಿದ ವಿಷಯ. 2011ರ ಜನಗಣತಿಯಲ್ಲಿ ರಾಜ್ಯದ ಜನರಲ್ಲಿ ಪರಿಶಿಷ್ಟ ಜಾತಿಯವರು ಶೇ. 17.15, ಪಂಗಡದವರು ಶೇ. 6.95 ಇದ್ದರು ಎಂಬುದು ಆ ಏರಿಕೆಯ ಹಿಂದಿನ ಲೆಕ್ಕ.

"ಅಂಬೇಡ್ಕರ್ ಹತ್ತೇ ವರ್ಷ ಅಂದಿದ್ದರಲ್ಲ" ಎಂಬ ಮಾತು ಎಲ್ಲ ಚರ್ಚೆಯಲ್ಲೂ ಬರುತ್ತದೆ. ಹತ್ತು ವರ್ಷದ ಗಡುವು ಇದ್ದದ್ದು 334ನೇ ವಿಧಿಯಲ್ಲಿ, ಲೋಕಸಭೆ ಮತ್ತು ವಿಧಾನಸಭೆಯ ಮೀಸಲು ಕ್ಷೇತ್ರಗಳಿಗೆ. ಅದನ್ನು ಹತ್ತತ್ತು ವರ್ಷ ವಿಸ್ತರಿಸುತ್ತಾ ಬಂದು ಈಗ 2030ರ ಜನವರಿಯವರೆಗೆ ನಿಂತಿದೆ. ಶಿಕ್ಷಣ ಮತ್ತು ನೌಕರಿಯ ಮೀಸಲಾತಿಗೆ ಸಂವಿಧಾನದಲ್ಲಿ ಗಡುವು ಬರೆದಿಲ್ಲ.

ಬಡತನ ಸಾಲದೇ, ಜಾತಿ ಏಕೆ?

ಪ್ರಾಮಾಣಿಕವಾಗಿ ಕೇಳುವವರ ಪ್ರಶ್ನೆ ಇದು, ಮತ್ತು ಇದಕ್ಕೆ ಕರಾವಳಿಯಲ್ಲೇ ಉತ್ತರವಿದೆ.

1892ರಲ್ಲಿ ಕುದ್ಮುಲ್ ರಂಗರಾವ್ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಬೇರೆ ಶಾಲೆ ತೆರೆದದ್ದು ಏಕೆ? ಮಂಗಳೂರಿನಲ್ಲಿ ಆಗ ಶಾಲೆಗಳಿಗೆ ಬರವಿರಲಿಲ್ಲ. ಈ ಮಕ್ಕಳನ್ನು ಅಲ್ಲಿ ಕೂರಿಸುತ್ತಿರಲಿಲ್ಲ. ಜೇಬಿನಲ್ಲಿ ದುಡ್ಡಿದ್ದರೂ ಕೂರಿಸುತ್ತಿರಲಿಲ್ಲ. ಅಲ್ಲಿಂದ ಶತಮಾನ ದಾಟಿದ ಮೇಲೆ, 2000ದಲ್ಲಿ, ಕರ್ನಾಟಕ ಅಜಲು ಪದ್ಧತಿ ನಿಷೇಧ ಕಾಯ್ದೆ ತರಬೇಕಾಯಿತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಇಲ್ಲಿನ ಬುಡಕಟ್ಟಾದ ಕೊರಗರಿಗೆ ತಿನ್ನಿಸಿ ತಮ್ಮ ಮನೆಯ ಕೇಡು ಕಳೆಯಿತು ಎಂದು ನಂಬುವ ಆಚರಣೆಯನ್ನು ಕಾನೂನು ಹೆಸರಿಟ್ಟು ಅಪರಾಧ ಎಂದಿತು. ಅದು ಯಾವ ಆದಾಯ ಪ್ರಮಾಣಪತ್ರದಲ್ಲೂ ಅಳೆಯುವಂಥದ್ದಲ್ಲ. ಬಡ ಭಟ್ಟರಿಗೆ ಹಸಿವಿದೆ, ಆ ಹಸಿವು ನಿಜ. ಆದರೆ ಅವರಿಗೆ ಅಂಥ ಅನ್ನವನ್ನು ಯಾರೂ ಬಡಿಸಲಿಲ್ಲ. ಬಡತನಕ್ಕೆ ವಿದ್ಯಾರ್ಥಿವೇತನ, ಹಾಸ್ಟೆಲ್, ಶುಲ್ಕ ವಿನಾಯಿತಿ ಮದ್ದು. ಹೊರಗಿಟ್ಟದ್ದಕ್ಕೆ ಒಳಗೆ ಕೂರಿಸುವುದೇ ಮದ್ದು.

ಭೂಮಿಯ ಕಥೆಯೂ ಇದನ್ನೇ ಹೇಳುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಫಾರಂ 7, ಅಂದರೆ ಗೇಣಿ ಭೂಮಿಯ ಹಕ್ಕು ಕೇಳುವ ಅರ್ಜಿ, ತುಂಬಿದ ಚಾಲಗೇಣಿದಾರರು (ಕಾಯಂ ಹಕ್ಕಿಲ್ಲದ ಗೇಣಿಯವರು) ಭೂಮಾಲೀಕರಾದರು. ಕರಾವಳಿಯಲ್ಲಿ ಅದು ದೊಡ್ಡ ಪಲ್ಲಟ. ಬಿಲ್ಲವ, ಗೌಡ, ಕ್ರೈಸ್ತ, ಬಂಟ ಗೇಣಿ ಕುಟುಂಬಗಳು ಮೇಲೆದ್ದವು. ಹಲವು ಬ್ರಾಹ್ಮಣ, ಬಂಟ, ಜೈನ ಒಡೆಯರ ಮನೆಗಳು ಕುಸಿದವು. ಆ ನಷ್ಟದ ನೆನಪು "ಭೂಮಿಯೂ ಹೋಯಿತು, ಸೀಟೂ ಇಲ್ಲ" ಎಂಬ ಮಾತಿನಲ್ಲಿ ಇಂದಿಗೂ ಇದೆ. ಆ ದುಃಖ ಅರ್ಥವಾಗುವಂಥದ್ದು. ಆದರೆ ಅದೇ ಗದ್ದೆಯಲ್ಲಿ ಕೂಲಿಯಾಳಾಗಿ ದುಡಿದ ದಲಿತರನ್ನು ನೋಡಿ. ಅವರ ಹೆಸರಿನಲ್ಲಿ ಗೇಣಿಯೇ ಇರಲಿಲ್ಲ, ಆದ್ದರಿಂದ ಫಾರಂ 7 ತುಂಬುವ ಹಕ್ಕೂ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಅವರಿಗೆಂದು ಕಾದಿರಿಸಿದ ಡಿಸಿ ಮನ್ನಾ ಭೂಮಿಗಾಗಿ ಇಂದಿಗೂ ಎರಡೂ ಜಿಲ್ಲಾಧಿಕಾರಿ ಕಚೇರಿಗಳ ಮುಂದೆ ಧರಣಿ ನಡೆಯುತ್ತದೆ. ಒಂದೇ ಸುಧಾರಣೆ ಒಬ್ಬರನ್ನು ಮೇಲೆತ್ತಿ ಇನ್ನೊಬ್ಬರನ್ನು ಮುಟ್ಟದೆ ಹೋದದ್ದು ಜಾತಿಯ ಗೆರೆಯಲ್ಲೇ.

ಪ್ರತಿಭೆಯ ವಾದಕ್ಕೂ ಇಲ್ಲಿ ಒಂದು ಮಾತು. ಎಂಜಿನಿಯರಿಂಗ್ ರ‍್ಯಾಂಕ್ ಎಂದರೆ ಪಿಯು ಅಂಕದ ಅರ್ಧ, ಸಿಇಟಿ ಅಂಕದ ಅರ್ಧ. ಲಕ್ಷಗಟ್ಟಲೆ ಶುಲ್ಕದ ಇಂಟಿಗ್ರೇಟೆಡ್ ಕೋಚಿಂಗ್, ಹಾಸ್ಟೆಲ್, ಬೆಳಗ್ಗೆ ಐದರಿಂದ ರಾತ್ರಿಯವರೆಗಿನ ಸ್ಟಡಿ ಅವರ್ ಇರುವ ಕಾಲೇಜುಗಳಿಗೆ ಇವೆರಡು ಜಿಲ್ಲೆಗಳು ಹೆಸರುವಾಸಿ. ಅಲ್ಲಿ ಓದಿದವರ ಶ್ರಮ ಸುಳ್ಳಲ್ಲ. ಆದರೆ ಅಲ್ಲಿ ಪಡೆದ 5,000ದ ರ‍್ಯಾಂಕ್ ಮತ್ತು ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ, ರಜೆಯಲ್ಲಿ ಅಡಿಕೆ ಸುಲಿಯಲು ಹೋಗಿ ಪಡೆದ 12,000ದ ರ‍್ಯಾಂಕ್ ಇವೆರಡರಲ್ಲಿ ಯಾವುದು ಹೆಚ್ಚಿನ ಸಾಮರ್ಥ್ಯದ ಗುರುತು ಎಂದು ಅಂಕಿಯೊಂದೇ ಹೇಳಲಾರದು. 2022ರ ನೀಲ್ ಔರೇಲಿಯೋ ನ್ಯೂನ್ಸ್ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಬೋಪಣ್ಣ ಹೇಳಿದ್ದರ ತಿರುಳು ಇದೇ: ಪರೀಕ್ಷೆಯ ಅಂಕದಲ್ಲಿ ಮನೆಯ ಅನುಕೂಲವೂ ಸೇರಿರುತ್ತದೆ. ಕೆಲಸದ ಗುಣಮಟ್ಟ ಕುಸಿಯುತ್ತದೆಯೇ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಭಾರತೀಯ ರೈಲ್ವೆಯ ಅಂಕಿಅಂಶ ಹಿಡಿದು ಪರೀಕ್ಷಿಸಿದರು. ಮೀಸಲಾತಿಯಿಂದ ಉತ್ಪಾದಕತೆ ಕುಗ್ಗಿದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ.

ನಿಜವಾದ ಅನ್ಯಾಯ ಪಟ್ಟಿಯ ಒಳಗಿದೆ

ನಮ್ಮ 54 ಸೀಟಿನಲ್ಲಿ ಪರಿಶಿಷ್ಟ ಪಂಗಡಕ್ಕೆ ಬಂದ ನಾಲ್ಕನ್ನು ಈಗ ಹತ್ತಿರದಿಂದ ನೋಡಿ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ. ಅವರಲ್ಲಿ ನಾಯಕ ಸಮುದಾಯದವರೇ ಸುಮಾರು 33 ಲಕ್ಷ. ಕೊರಗರು ಸುಮಾರು 15 ಸಾವಿರ. ಬೀಳು, ಬಿದಿರಿನಿಂದ ಬುಟ್ಟಿ ಹೆಣೆದು ಬದುಕಿದ, ಪೇಟೆಯ ಶೌಚಗುಂಡಿಗಳನ್ನು ಬಳಿಯಲು ದೂಡಲ್ಪಟ್ಟ ಸಮುದಾಯ. ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದ, ಕರ್ನಾಟಕದ ಎರಡೇ ಸಮುದಾಯಗಳಲ್ಲಿ ಒಂದು. ಇನ್ನೊಂದು ಜೇನುಕುರುಬರು. ಆ ನಾಲ್ಕು ಸೀಟಿಗೆ ಕೊರಗರ ಹುಡುಗಿ ಸ್ಪರ್ಧಿಸಬೇಕಾದದ್ದು ಬ್ರಾಹ್ಮಣರ ಹುಡುಗನ ಜೊತೆ ಅಲ್ಲ. ಶಾಸಕರು, ಮಂತ್ರಿಗಳು, ಅಧಿಕಾರಿಗಳು ಬಂದಿರುವ ದೊಡ್ಡ ಸಮುದಾಯಗಳ ಜೊತೆ. ಪಂಗಡಕ್ಕೆ ಕೆನೆಪದರವೂ ಇಲ್ಲ. ಹೀಗಾಗಿ ಯಾರಿಗಾಗಿ ಈ ವ್ಯವಸ್ಥೆ ಅತ್ಯಂತ ಅಗತ್ಯವೋ ಅವರೇ ಸಾಲಿನ ಕೊನೆಯಲ್ಲಿ ಉಳಿಯುತ್ತಾರೆ.

ಇದು ಪಂಗಡದ ಕಥೆ ಮಾತ್ರವಲ್ಲ. ಕೇಂದ್ರದ ಒಬಿಸಿ ಪಟ್ಟಿಯನ್ನು ಪರಿಶೀಲಿಸಿದ ರೋಹಿಣಿ ಆಯೋಗದ ವಿಶ್ಲೇಷಣೆಯಲ್ಲಿ ಶೇ. 97ರಷ್ಟು ಸೀಟು ಮತ್ತು ಹುದ್ದೆಗಳು ಕಾಲು ಭಾಗದಷ್ಟು ಜಾತಿಗಳಿಗೆ ಹೋಗಿದ್ದವು. 983 ಸಮುದಾಯಗಳಿಗೆ ಒಂದೂ ಸಿಕ್ಕಿರಲಿಲ್ಲ. ನಮ್ಮ 2ಎಯಲ್ಲೂ ನೂರರಷ್ಟು ಜಾತಿಗಳು ಒಂದೇ ಶೇ. 15ನ್ನು ಹಂಚಿಕೊಳ್ಳುತ್ತವೆ. ಅದಕ್ಕೇ ಬಂಟರನ್ನೋ ಪಂಚಮಸಾಲಿಗಳನ್ನೋ 2ಎಗೆ ಸೇರಿಸಿ ಎಂಬ ಬೇಡಿಕೆ ಬಂದಾಗ ಅಲ್ಲಿರುವ ಸಣ್ಣ ಕುಲಕಸುಬಿನ ಸಮುದಾಯಗಳು ಹೆದರುವುದು.

2024ರ ಆಗಸ್ಟ್ 1ರಂದು ಪಂಜಾಬ್ ವಿರುದ್ಧ ದವಿಂದರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 6–1ರ ಬಹುಮತದಿಂದ ಪರಿಶಿಷ್ಟ ಜಾತಿಗಳ ಒಳಗೆ ಒಳಮೀಸಲಾತಿ ಕೊಡಬಹುದು ಎಂದಿತು. ಅದಕ್ಕೆ ಅಡ್ಡಿಯಾಗಿದ್ದ 2004ರ ಚಿನ್ನಯ್ಯ ತೀರ್ಪು ಬಿದ್ದುಹೋಯಿತು. ಕರ್ನಾಟಕದಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಶೇ. 17ನ್ನು 6, 6, 5 ಎಂದು ಮೂರು ಗುಂಪಿಗೆ ಹಂಚುವ ತೀರ್ಮಾನ ಮಾಡಿತು. ತೀರಾ ಹಿಂದುಳಿದವರಿಗೆ ಆಯೋಗ ಪ್ರತ್ಯೇಕವಾಗಿ ಸೂಚಿಸಿದ್ದ ಶೇ. 1 ಆ ಹಂಚಿಕೆಯಲ್ಲಿ ಉಳಿಯಲಿಲ್ಲ. ಅಲೆಮಾರಿ ಸಮುದಾಯಗಳು ಬೀದಿಗಿಳಿದದ್ದು ಅದಕ್ಕೇ, ಮತ್ತು ಅವರ ಸಿಟ್ಟು ನ್ಯಾಯವಾದದ್ದು. 101 ಜಾತಿಗಳ ಪಟ್ಟಿಯಲ್ಲಿ ನಮ್ಮ ನಲಿಕೆ, ಪಂಬದ, ಅಜಿಲ, ಬಾಕುಡದಂಥ ಸಣ್ಣ ಸಮುದಾಯಗಳ ಪಾಡು ಏನಾಗುತ್ತದೆ ಎಂಬುದನ್ನು ಕರಾವಳಿಯವರು ಕಣ್ಣಿಟ್ಟು ನೋಡಬೇಕು.

ಪಂಗಡಕ್ಕೆ ಅದೇ ತರ್ಕ ಅನ್ವಯಿಸಿದರೂ ಕೊರಗರಿಗೆ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ಗುರುತಿಸುವ ಸರದಿ ಪಟ್ಟಿ) ಒಂದರಿಂದಲೇ ನ್ಯಾಯ ಸಿಗದು. ಕಾರಣ ಸರಳ ಗಣಿತ: 42.5 ಲಕ್ಷದಲ್ಲಿ 15 ಸಾವಿರ ಎಂದರೆ ಶೇ. 0.35. ಶೇ. 7ರಲ್ಲಿ ಅವರ ಜನಸಂಖ್ಯೆಯ ಪಾಲು ತೆಗೆದರೆ ನೂರು ಹುದ್ದೆಯ ರೋಸ್ಟರಿನಲ್ಲಿ ಒಂದು ಬಿಂದುವೂ ಬರುವುದಿಲ್ಲ. ನಾಲ್ಕು ಸಾವಿರ ಹುದ್ದೆ ತುಂಬಿದಾಗ ಒಂದು ಸಿಕ್ಕೀತು. ಅದರಿಂದಲೇ ನೇರ ನೇಮಕಾತಿಯ ಬೇಡಿಕೆ. ನೆರೆಯ ಕೇರಳ ಪಣಿಯ, ಅಡಿಯ, ಕಾಟ್ಟುನಾಯ್ಕ ಸಮುದಾಯದವರನ್ನು ಪೊಲೀಸ್ ಮತ್ತು ಅರಣ್ಯ ಇಲಾಖೆಗೆ ವಿಶೇಷ ನೇಮಕಾತಿಯಲ್ಲಿ ತೆಗೆದುಕೊಂಡಿದೆ. ಪದವಿ ಮುಗಿಸಿ ಮನೆಯಲ್ಲಿ ಕುಳಿತ ಕೊರಗ ಯುವಕ ಯುವತಿಯರನ್ನು ಹೆಸರು ಹಿಡಿದು ಪಟ್ಟಿ ಮಾಡುವುದು ಎರಡು ಜಿಲ್ಲಾಡಳಿತಗಳಿಗೆ ಕಷ್ಟವಲ್ಲ. ಕಾಲೇಜಿನ ಬಾಗಿಲಿಗೆ ಬರುವ ಮೊದಲೇ, ಎಂಟು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಡುವ ಮಕ್ಕಳಿಗೆ ಸಿಇಟಿ ಸೀಟು ಏರಿಸಿ ಪ್ರಯೋಜನವಿಲ್ಲ. ಆಶ್ರಮ ಶಾಲೆಯಿಂದ ಪ್ರೌಢಶಾಲೆಗೆ ದಾಟುವ ಆ ಎರಡು ವರ್ಷಗಳಲ್ಲೇ ಹಣ ಮತ್ತು ಶಿಕ್ಷಕರು ಬೇಕು.

ಉಳಿದದ್ದು ಅಂಕಿಅಂಶದ ಕೊರತೆ. ಕಾಂತರಾಜ ಆಯೋಗ 2015ರಲ್ಲಿ ನಡೆಸಿದ ಜಾತಿವಾರು ಸಮೀಕ್ಷೆಯ ವರದಿಯನ್ನು ಆಗ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದ, ಉಡುಪಿ ಜಿಲ್ಲೆಯವರೇ ಆದ ಕೆ. ಜಯಪ್ರಕಾಶ್ ಹೆಗ್ಡೆ 2024ರ ಫೆಬ್ರುವರಿಯಲ್ಲಿ ಸರ್ಕಾರಕ್ಕೆ ಸಲ್ಲಿಸಿದರು. ಅದನ್ನು ಬದಿಗಿಟ್ಟು 2025ರ ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆ ಆರಂಭವಾಯಿತು. ವರದಿ ಬಂದಾಗ ಯಾವ ಜಾತಿಯವರು ಎಷ್ಟು ಜನ ಎಂಬ ಒಂದೇ ಸಾಲಿನ ಸುತ್ತ ಗದ್ದಲ ಎದ್ದರೆ ಮತ್ತೆ ಹತ್ತು ವರ್ಷ ಹೋಗುತ್ತದೆ. ಪ್ರತಿ ಜಾತಿಯಲ್ಲಿ ಪಿಯು ದಾಟಿದವರೆಷ್ಟು, ವೃತ್ತಿಪರ ಪದವಿ ಪಡೆದವರೆಷ್ಟು, ಗ್ರೂಪ್ ಎ ಯಿಂದ ಡಿ ವರೆಗಿನ ಪ್ರತಿ ದರ್ಜೆಯಲ್ಲಿ ನೌಕರರೆಷ್ಟು, ಕಳೆದ ಹತ್ತು ವರ್ಷದ ಸಿಇಟಿ ಮೀಸಲು ಸೀಟುಗಳಲ್ಲಿ ಅವರಿಗೆ ಸಿಕ್ಕಿದ್ದೆಷ್ಟು ಎಂಬ ನಾಲ್ಕು ಕಾಲಂಗಳನ್ನು ಜಾತಿವಾರು ಪ್ರಕಟಿಸಿ ಎಂದು ಕೇಳಬೇಕು. ನಾಲ್ಕನೆಯ ಕಾಲಂನ ಮಾಹಿತಿಗೆ ಸಮೀಕ್ಷೆಯೂ ಬೇಕಿಲ್ಲ. ಅರ್ಜಿಯಲ್ಲಿ ತುಂಬಿಸಿಕೊಂಡ ಆರ್‌ಡಿ ಸಂಖ್ಯೆಗಳ ಹಿಂದೆಯೇ ಜಾತಿಯ ಹೆಸರಿದೆ, ಪರೀಕ್ಷಾ ಪ್ರಾಧಿಕಾರ ಮತ್ತು ಕಂದಾಯ ಇಲಾಖೆ ಕೂತು ಅದನ್ನು ಜೋಡಿಸಿದರೆ ಸಾಕು.